ನೀರು ಕೊಟ್ಟವನ ಹೊಣೆ

ನೀರಡಿಸಿ ಬಂದವನಿಗೆ ನೀರು ಕೊಡುವುದು ಪುಣ್ಯವೆಂಬುದನ್ನು ಇಂಗಳೇಶ್ವರದಂತಹ ಬಯಲುಸೀಮೆಯ ಊರಿಗೆ ಯಾರೂ ಉಪದೇಶಿಸಬೇಕಾಗಿಲ್ಲ; ಬೇಸಿಗೆಯ ಬಿಸಿಲೇ ಅದನ್ನು ಕಲಿಸುತ್ತದೆ. ಆದರೆ ಆ ನೀರಿನೊಡನೆ ಕೊಡುವವನಿಗೂ ಕಾಣದ, ಕುಡಿಯುವವನಿಗೂ ತಿಳಿಯದ ಕೇಡೊಂದು ಹೋದರೆ ಅದರ ಹೊಣೆ ಯಾರದು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಇಂದು ಹಳ್ಳಿಯ ಮನೆಗಳ ನಳಕ್ಕೆ ನೀರನ್ನು ತರುವುದು ಹೆಚ್ಚಾಗಿ ಪ್ಲಾಸ್ಟಿಕ್ ಪೈಪು. ಪಿ.ವಿ.ಸಿ. ಎಂಬ ವಸ್ತು ಕಾಯಿಸಿ ಎರಕ ಹೊಯ್ಯುವಾಗ ಕೆಡುವ ಗುಣವುಳ್ಳದ್ದು. ಅದು ಕೆಡದಂತೆ ಲವಣಗಳನ್ನು ಬೆರೆಸುತ್ತಾರೆ; ನಮ್ಮ ದೇಶದಲ್ಲಿ ಬಹುಕಾಲ ಬೆರೆಸಿದ್ದು ಸೀಸದ ಲವಣವನ್ನು. ಪೈಪಿನ ಒಳಮೈಯಿಂದ, ಅದರಲ್ಲಿಯೂ ರಾತ್ರಿಯೆಲ್ಲ ನಿಂತ ನೀರಿಗೆ, ಆ ಸೀಸ ಅಣುಅಣುವಾಗಿ ಇಳಿಯಬಲ್ಲದು. ನೀರಿನ ಬಣ್ಣ ಕೆಡದು, ರುಚಿ ಕೆಡದು. ಕುದಿಸಿದರೂ ಸೀಸ ಹೋಗದು. ಅದು ಬಾಧಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಬೆಳೆಯುವ ಕೂಸಿನ ಮಿದುಳನ್ನು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 0.01 ಮಿಲಿಗ್ರಾಮಿಗಿಂತ ಹೆಚ್ಚು ಸೀಸವಿರಬಾರದೆಂಬುದು ಭಾರತೀಯ ಮಾನದಂಡ. ಈ ಲವಣದ ಬಳಕೆಯನ್ನು ಕೊನೆಗಾಣಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ರಚಿಸಿತು. ಆದರೆ ಮಣ್ಣಿನಡಿ ಹೂತ ಹಳೆಯ ಪೈಪು ನಿಯಮವನ್ನು ಓದಿ ಮೇಲೆದ್ದು ಬರುವುದಿಲ್ಲ.

ಸೀಸದ ಕೇಡು ಹೊಸ ಅರಿವೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೊಳವೆಯ ನೀರಿಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರವೆಂದು ಬರೆದಿದ್ದನು. ನಮ್ಮ ವಿಜಯಪುರಕ್ಕೆ 17ನೆಯ ಶತಮಾನದಲ್ಲಿ ಬೇಗಂ ತಲಾಬದ ನೀರು ಹರಿದು ಬಂದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿಯೇ.

ಹಾಗೆಂದು ಪ್ಲಾಸ್ಟಿಕ್ಕನ್ನು ಶಪಿಸುವುದು ನ್ಯಾಯವಲ್ಲ. ಅಗ್ಗದ ಪೈಪು ಬಂದುದರಿಂದಲೇ ಎಷ್ಟೋ ತಾಯಂದಿರ ತಲೆಯ ಮೇಲಿನ ಕೊಡ ಇಳಿಯಿತು. ಪ್ರಶ್ನೆ ಇರುವುದು ಆ ಅಗ್ಗದಲ್ಲಿ: ಉಳಿಸಿದ ಹಣ ನಮ್ಮದು, ತೆರುವ ಬೆಲೆ ಮಾತು ಬಾರದ ಕೂಸಿನದಾದರೆ ಅದು ಉಳಿತಾಯವೆ?

ಹೊಣೆಯನ್ನು ಹಂಚುವಾಗ ಮೂವರನ್ನು ಬೇರೆ ಬೇರೆ ಕಾಣಬೇಕು. ಅರಿಯಲು ದಾರಿಯೇ ಇಲ್ಲದವನು ನಿರ್ದೋಷಿ. ಅರಿತೂ ಮುಚ್ಚಿಟ್ಟವನು ಅಪರಾಧಿ. ಇವರಿಬ್ಬರ ನಡುವೆ, ಕೇಳಿದ್ದರೆ ಅರಿಯಬಹುದಾಗಿದ್ದೂ ಕೇಳದವನು ನಿಂತಿದ್ದಾನೆ. ಮಾರುವವನು, ಗುತ್ತಿಗೆದಾರ, ಪಂಚಾಯತಿಯ ಸದಸ್ಯ, ಮನೆಯ ಯಜಮಾನ ಎಲ್ಲರೂ ಸಾಮಾನ್ಯವಾಗಿ ನಿಲ್ಲುವ ಸ್ಥಳ ಅದೇ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ಅಲ್ಲಿ ಉತ್ತರವಾಗುವುದಿಲ್ಲ, 'ನೀನೇಕೆ ಕೇಳಲಿಲ್ಲ?' ಎಂಬ ಮರುಪ್ರಶ್ನೆ ಕಾದಿರುತ್ತದೆ.

ಆದುದರಿಂದ ಪೈಪು ಕೊಳ್ಳುವಾಗ ಸೀಸರಹಿತವೆ ಎಂದು ಕೇಳೋಣ. ಊರಿನ ನೀರಿನಲ್ಲಿ ಸೀಸವಿದೆಯೆ ಎಂದು ಪರೀಕ್ಷೆ ಮಾಡಿಸೋಣ. ಮುಂಜಾನೆ ನಳದಲ್ಲಿ ನಿಂತ ಮೊದಲ ನೀರನ್ನು ಅಂಗಳಕ್ಕೆ ಬಳಸಿ, ಅನಂತರದ್ದನ್ನು ಕುಡಿಯಲು ಹಿಡಿಯೋಣ. ಕಾಯಕದ ಶುದ್ಧಿ ದುಡಿದ ಕೈಯಲ್ಲಿ ಮಾತ್ರವಿಲ್ಲ. ಆ ದುಡಿಮೆಯ ಫಲ ಯಾರ ಹೊಟ್ಟೆ ಸೇರುವುದೋ ಅಲ್ಲಿಯವರೆಗೂ ಅದು ಹರಿಯಬೇಕು. ಬೊಗಸೆಯೊಡ್ಡಿದ ಮಗು ನೀರನ್ನು ಪರೀಕ್ಷಿಸಿ ಕುಡಿಯುವುದಿಲ್ಲ, ಕೊಟ್ಟವರನ್ನು ನಂಬಿ ಕುಡಿಯುತ್ತದೆ.