ಎಂಜಲು ಹೇಳುವ ಭವಿಷ್ಯ

ನಮ್ಮ ಗುರುಪುರದ ಕಡೆ ಎಂಜಲಿಗೆ ಎರಡು ನ್ಯಾಯ. ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಮಗು ಬಿಟ್ಟ ತುತ್ತನ್ನು ಮಾತ್ರ ಅವ್ವ ತಿಂದರೆ ಯಾರೂ ಮುಖ ಸಿಂಡರಿಸಲ್ಲ. ಈಗ ಅದೇ ಎಂಜಲು ಲ್ಯಾಬಿಗೆ ಹೋಗಿ ಮೈಯೊಳಗಿನ ವೈರಸ್ಸಿನ ಸುದ್ದಿ ಹೇಳುತ್ತಿದೆ. ಮುಂದೆ ಯಾರಿಗೆ ಕಾಯಿಲೆ ಜೋರಾಗುತ್ತೆ ಅನ್ನೋದನ್ನೂ ಅದರಿಂದ ಊಹಿಸಬಹುದಂತೆ. ಹಾಗಾದರೆ, ಇನ್ನೊಬ್ಬರ ಭವಿಷ್ಯ ಮೊದಲೇ ತಿಳಿದವನ ಮೇಲೆ ಯಾವ ಋಣ ಬೀಳುತ್ತದೆ?

ಮೊದಲು ವಿಷಯ ನೋಡೋಣ. ಎಂಜಲಿನಿಂದ ಕೊರೊನಾ ಪತ್ತೆ ಮಾಡುವ ಯೇಲ್ ವಿಶ್ವವಿದ್ಯಾಲಯದ ವಿಧಾನಕ್ಕೆ ಅಮೆರಿಕದಲ್ಲಿ 2020ರ ಆಗಸ್ಟಿನಲ್ಲಿ ತುರ್ತು ಅನುಮತಿ ಸಿಕ್ಕಿತು. ನಮ್ಮಲ್ಲಿ ನಾಗಪುರದ ನೀರಿ ಸಂಸ್ಥೆ ಉಪ್ಪುನೀರು ಮುಕ್ಕಳಿಸಿ ಉಗುಳುವ ವಿಧಾನ ರೂಪಿಸಿತು. 2021ರ ಮೇನಲ್ಲಿ ಐಸಿಎಂಆರ್ ಒಪ್ಪಿತು. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವ ಕಾಟವಿಲ್ಲ, ಅದಕ್ಕೆಂದೇ ತರಬೇತಾದವರು ಬೇಕಿಲ್ಲ. ಎಚ್.ಡಿ. ಕೋಟೆಯ ಹಾಡಿಗಳಂಥ ಕಡೆ ಇದು ಸಣ್ಣ ಅನುಕೂಲವಲ್ಲ. ಒಂದೇ ಷರತ್ತು, ಎಂಜಲು ಕೊಡುವ ಮುಂಚೆ ಅರ್ಧ ಗಂಟೆ ಬಾಯಿ ಖಾಲಿ ಇರಬೇಕು. ಎಲೆಅಡಿಕೆ, ಹೊಗೆಸೊಪ್ಪು ಬಿಡದ ನಮ್ಮ ಅಜ್ಜಂದಿರಿಗೆ ಅದೇ ದೊಡ್ಡ ಕಷ್ಟ!

2021ರ ಆರಂಭದಲ್ಲಿ ಯೇಲ್‌ನ ಸಂಶೋಧಕರು ಇನ್ನೊಂದು ಸಂಗತಿ ಹೇಳಿದರು. ಕಾಯಿಲೆ ಬಿಗಡಾಯಿಸಿದವರ, ತೀರಿಕೊಂಡವರ ಎಂಜಲಿನಲ್ಲಿ ವೈರಸ್ ಪ್ರಮಾಣ ಹೆಚ್ಚಿತ್ತು. ಮೂಗಿನ ಸ್ವಾಬಿನಲ್ಲಿ ಈ ಸಂಬಂಧ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ಟೆಸ್ಟಿನ ಸಿಟಿ ವ್ಯಾಲ್ಯೂ ಒಂದನ್ನೇ ನಂಬಿ ಕಾಯಿಲೆಯ ತೀವ್ರತೆ ಅಳೆಯಬೇಡಿ ಎಂದು ಐಸಿಎಂಆರ್ 2020ರಲ್ಲೇ ಎಚ್ಚರಿಸಿತ್ತು. ಗುಂಪಿಗೆ ನಿಜವಾದ ಮಾತು ಒಬ್ಬೊಬ್ಬರಿಗೂ ನಿಜವಾಗಬೇಕೆಂದಿಲ್ಲವಲ್ಲ.

ಒಂದು ಲೆಕ್ಕ ಹಾಕೋಣ. 1000 ಸೋಂಕಿತರಲ್ಲಿ 50 ಜನಕ್ಕೆ ಕಾಯಿಲೆ ಜೋರಾಗುತ್ತೆ, ನಮ್ಮ ಟೆಸ್ಟು ಎರಡೂ ಕಡೆ ಶೇ. 90 ಸರಿ ಎಂದಿಟ್ಟುಕೊಳ್ಳಿ. ಆ 50ರಲ್ಲಿ 45 ಜನ ಸಿಕ್ಕಿಬೀಳುತ್ತಾರೆ. ಉಳಿದ 950ರಲ್ಲಿ 95 ಜನರಿಗೆ ಸುಮ್ಮನೆ ದಿಗಿಲು. ಅಂದರೆ 'ನಿಮಗೆ ಅಪಾಯ' ಅನ್ನಿಸಿಕೊಂಡ 140 ಜನರಲ್ಲಿ ನಿಜವಾದ ಅಪಾಯ ಮೂರರಲ್ಲಿ ಒಬ್ಬರಿಗೂ ಇಲ್ಲ. ನನ್ನ ನಿದ್ದೆ ಕೆಡಿಸೋದು ಕೊನೆಯ ಐದು ಜನ. 'ನಿಮಗೇನೂ ಆಗಲ್ಲ, ಮನೆಗೆ ಹೋಗಿ' ಅನ್ನಿಸಿಕೊಂಡವರು. ಹಾಸಿಗೆ ಕಮ್ಮಿಯಿದ್ದ ದಿನ ಆ ಭವಿಷ್ಯವೇ ಅವರಿಗೆ ಬಾಗಿಲು ಮುಚ್ಚುತ್ತದೆ.

ನಮ್ಮ ಕೆಲಸದಲ್ಲಿ ಸರ್ವರ್ ಕೆಡುವ ಮುಂಚೆ ಅಲರ್ಟ್ ಬರುತ್ತೆ. ರಾತ್ರಿ ಮೂರಕ್ಕೆ ಎದ್ದು ನೋಡುವವರು ಯಾರೂ ಇಲ್ಲದಿದ್ದರೆ ಆ ಅಲರ್ಟಿಗೆ ಅರ್ಥವಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ರೋಗಿಗಳು ಸತ್ತರು. ಅವರಿಗೆ ಕಾಯಿಲೆ ಜೋರಾಗಿದೆ ಅನ್ನೋದನ್ನು ಯಾವ ಟೆಸ್ಟೂ ಹೇಳಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಅಲ್ಲಿ ಇಲ್ಲದೇ ಹೋದದ್ದು ಸಿಲಿಂಡರು.

ಹಾಗಂತ ಮೊದಲೇ ತಿಳಿಯೋದು ದಂಡ ಅಂತಲ್ಲ. 2024ರಲ್ಲಿ ನಮ್ಮ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಡೆಂಗಿಯನ್ನೇ ತಗೊಳ್ಳಿ. ಅದರ ವೈರಸ್ಸನ್ನು ಕೊಲ್ಲುವ ಔಷಧಿ ಕೈಗೆ ಬಂದಿಲ್ಲ. ಜ್ವರ ಇಳಿಯಿತು ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯ ಶುರು. ಯಾರ ಮೇಲೆ ಕಣ್ಣಿಡಬೇಕೆಂದು ಗೊತ್ತಿದ್ದು, ಹೊತ್ತಿಗೆ ಸರಿಯಾಗಿ ಡ್ರಿಪ್ ಹಾಕಿದರೆ ಜೀವ ಉಳಿಯುತ್ತದೆ. ಇಲ್ಲಿ ಭವಿಷ್ಯಕ್ಕೆ ಬೆಲೆ ಬಂದದ್ದು ಪಕ್ಕದಲ್ಲೊಬ್ಬರು ಕಾಯುತ್ತಾ ಕೂತದ್ದರಿಂದ.

ಇನ್ನೊಂದು ಅಂಜಿಕೆಯೂ ಇದೆ. 2020ರಲ್ಲಿ ಕೈಗೆ ಒತ್ತಿದ ಮುದ್ರೆ, ಬಾಗಿಲಿಗೆ ಅಂಟಿಸಿದ ನೋಟಿಸು ನೆನಪಿದೆಯಲ್ಲ? ಆಗ ಅದು ಇವತ್ತಿನ ಸೋಂಕಿನ ಗುರುತಾಗಿತ್ತು. ನಾಳೆ 'ಇವನ ಮೈ ವೈರಸ್ ತಡೆಯಲ್ಲ' ಅನ್ನುವ ಗುರುತು ಆಫೀಸಿನ ಎಚ್‌ಆರ್‌ಗೋ ವಿಮಾ ಕಂಪನಿಗೋ ಸಿಕ್ಕರೆ, ಆ ಮುದ್ರೆ ಅಳಿಸೋದು ಯಾವಾಗ?

ಹಾಗಾಗಿ ನನ್ನ ಮಟ್ಟಿಗೆ ಉತ್ತರ ಇಷ್ಟು. ರೋಗ ಇದೆಯೋ ಇಲ್ಲವೋ ನೋಡಲು ಎಂಜಲು ಕೇಳಿದರೆ ಧಾರಾಳವಾಗಿ ಕೊಡೋಣ. ಮುಂದಿನದನ್ನು ಹೇಳುತ್ತೇನೆ ಅನ್ನುವವರನ್ನು ಮಾತ್ರ ಮೊದಲೇ ಕೇಳಬೇಕು: ಅಪಾಯ ಅಂತ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಲಿ? ಅಪಾಯವಿಲ್ಲ ಅಂತ ಬಂದು ಉಸಿರು ಕಟ್ಟಿದರೆ ವಾಪಸ್ ಸೇರಿಸಿಕೊಳ್ಳುತ್ತೀರಾ? ಈ ರಿಪೋರ್ಟು ಇನ್ಯಾರ ಕೈಗೆ ಹೋಗುತ್ತೆ? ಈ ಮೂರಕ್ಕೆ ಉತ್ತರವಿಲ್ಲದವರು ಭವಿಷ್ಯ ನುಡಿಯದಿರುವುದೇ ಮೇಲು.