ಹರಪನಹಳ್ಳಿ ಮತ್ತು ಒಕ್ಕೂಟದ ಎರಡು ನ್ಯಾಯಗಳು

ಒಂದು ತಾಲ್ಲೂಕು ಯಾವ ಜಿಲ್ಲೆಗೆ ಸೇರಬೇಕು ಎಂಬುದು ಸಾಮಾನ್ಯವಾಗಿ ಕಂದಾಯ ಇಲಾಖೆಯ ಕಡತಕ್ಕೆ ಸಂಬಂಧಿಸಿದ ಮಾತು. ಹರಪನಹಳ್ಳಿಯ ಪಾಲಿಗೆ ಅದೇ ಸಂವಿಧಾನದ ಪ್ರಶ್ನೆಯಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. 2012ರ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸ್ಥಾನ ಸಿಕ್ಕಿತು. ಬಳ್ಳಾರಿಯಲ್ಲೇ ಇದ್ದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳು ಒಳಗುಳಿದವು. ಅವುಗಳಿಗೆ ಅಂಟಿಕೊಂಡಿದ್ದ ಹರಪನಹಳ್ಳಿ ಹೊರಗುಳಿಯಿತು.

ಇದರ ಹಿಂದಿರುವ ತತ್ತ್ವವನ್ನು ಅಸಮ ಒಕ್ಕೂಟ ಎನ್ನುತ್ತಾರೆ. ಒಕ್ಕೂಟದ ಎಲ್ಲ ಭಾಗಗಳಿಗೂ ಒಂದೇ ನಿಯಮ ಇರಬೇಕಿಲ್ಲ, ಹಿಂದುಳಿದ ಭಾಗಕ್ಕೆ ಬೇರೆ ಏರ್ಪಾಡು ಮಾಡಬಹುದು ಎಂಬುದು ಅದರ ತಿರುಳು.

ಅಮೆರಿಕದ ಸಂವಿಧಾನ ಹಿಡಿದದ್ದು ಇದಕ್ಕೆ ಎದುರಾದ ದಾರಿ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷ ಮುಟ್ಟದ ವಯೋಮಿಂಗ್‌ಗೂ ಸೆನೆಟ್‌ನಲ್ಲಿ ಎರಡೆರಡೇ ಸ್ಥಾನ. ಒಕ್ಲಹೋಮಾವನ್ನು ರಾಜ್ಯವಾಗಿ ಸೇರಿಸಿಕೊಳ್ಳುವಾಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್, 1913ರವರೆಗೆ ಅದರ ರಾಜಧಾನಿ ಗತ್ರಿ ಪಟ್ಟಣದಲ್ಲೇ ಇರಬೇಕು ಎಂದು ಷರತ್ತು ಹಾಕಿತ್ತು. ಹಳೆಯ ರಾಜ್ಯಗಳಿಗಿಲ್ಲದ ಕಟ್ಟು ಹೊಸ ರಾಜ್ಯಕ್ಕೂ ಸಲ್ಲದು ಎಂದು 1911ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹೊಸದಾಗಿ ಬಂದು ನೆಲೆಸಿದವರಿಗೆ ಕ್ಯಾಲಿಫೋರ್ನಿಯಾ ಕಡಿಮೆ ನೆರವು ಕೊಡಹೊರಟಾಗ, 1999ರಲ್ಲಿ ಅದಕ್ಕೂ ತಡೆ ಬಿತ್ತು. ರಾಜ್ಯದ ಒಪ್ಪಿಗೆಯಿಲ್ಲದೆ ಅದರ ನೆಲವನ್ನು ಒಡೆದು ಹೊಸ ರಾಜ್ಯ ಕಟ್ಟುವಂತೆಯೂ ಇಲ್ಲ.

ನಮ್ಮಲ್ಲಿ ಹಾಗಲ್ಲ. 3ನೇ ವಿಧಿಯಂತೆ ಸಂಸತ್ತು ರಾಜ್ಯದ ಅಭಿಪ್ರಾಯ ಕೇಳಬೇಕಷ್ಟೆ, ಒಪ್ಪಿಗೆ ಬೇಕಿಲ್ಲ. ಆದೋನಿ, ಆಲೂರು, ರಾಯದುರ್ಗ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ 1953ರಲ್ಲಿ ಮದರಾಸಿನಿಂದ ಮೈಸೂರಿಗೆ ಬಂದದ್ದು ಸಂಸತ್ತಿನ ಕಾಯ್ದೆಯಿಂದಲೇ. ಹರಪನಹಳ್ಳಿಯೂ ಹಾಗೆಯೇ ಬಂತು. ಅದೇ ಧೋರಣೆ 371ಜೆಯಲ್ಲೂ ಇದೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಆ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8, ಸರ್ಕಾರಿ ನೌಕರಿಯಲ್ಲೂ ಮೀಸಲು. ಹುಟ್ಟಿದ ಊರು, ನೆಲೆಸಿದ ಊರು ಇಲ್ಲಿ ಹಕ್ಕಿನ ಅಳತೆಗೋಲು. ಓಟದಲ್ಲಿ ಹಿಂದೆ ನಿಂತವನನ್ನು ಮುಂದಕ್ಕೆ ತಂದು ನಿಲ್ಲಿಸದೆ ಸೀಟಿ ಊದಿದರೆ ಅದು ನ್ಯಾಯವಲ್ಲ ಎಂಬುದು ಈ ವಾದದ ಬಲ.

ಆದರೆ ಬೇರೆಯಾಗಿ ಕಾಣುವುದಕ್ಕೆ ಒಂದು ಪರೀಕ್ಷೆಯುಂಟು. ಸಮಾನತೆ ಕುರಿತ ನಮ್ಮ 14ನೇ ವಿಧಿಯ ನ್ಯಾಯಶಾಸ್ತ್ರ ಅಮೆರಿಕದ ಸಮಾನ ರಕ್ಷಣೆಯ ತತ್ತ್ವದಿಂದಲೂ ಕಲಿತ ಪಾಠ ಅದು: ಜನರನ್ನು ವಿಂಗಡಿಸುವ ಗೆರೆಗೂ ವಿಂಗಡಿಸುವ ಉದ್ದೇಶಕ್ಕೂ ನಂಟಿರಬೇಕು. 371ಜೆಯ ಉದ್ದೇಶ ಹಿಂದುಳಿದಿರುವಿಕೆಯನ್ನು ನೀಗುವುದು. ಗೆರೆ ಎಳೆದದ್ದು ಜಿಲ್ಲೆಯ ಹೆಸರಿನ ಮೇಲೆ. ಅದಕ್ಕೂ ಹತ್ತು ವರ್ಷ ಮೊದಲು, 2002ರಲ್ಲೇ, ಡಿ.ಎಂ. ನಂಜುಂಡಪ್ಪ ಸಮಿತಿ ಹಿಂದುಳಿದಿರುವಿಕೆಯನ್ನು ತಾಲ್ಲೂಕುವಾರು ಅಳೆದು, ರಾಜ್ಯದ 175ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಅಳತೆ ತಾಲ್ಲೂಕಿನದು, ಪರಿಹಾರ ಜಿಲ್ಲೆಯದು. ಈ ಎರಡರ ನಡುವೆ ಹರಪನಹಳ್ಳಿ ಸಿಕ್ಕಿಕೊಂಡಿತು.

ಹೋರಾಟಗಳ ನಂತರ ತಾಲ್ಲೂಕಿಗೆ 371ಜೆ ದೊರೆಯಿತು, ಅದು ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇದರಿಂದ ಅಸಮ ಒಕ್ಕೂಟದ ತತ್ತ್ವ ತಪ್ಪೆಂದಾಗುವುದಿಲ್ಲ. ಎಲ್ಲರಿಗೂ ಒಂದೇ ನಿಯಮವಿದ್ದಲ್ಲಿ ಗೆರೆ ಎಲ್ಲಿದ್ದರೂ ನಡೆಯುತ್ತದೆ. ವಿಶೇಷ ಹಕ್ಕು ಕೊಡುವ ಸಂವಿಧಾನ ಮಾತ್ರ, ಗೆರೆ ಅಲ್ಲೇ ಏಕೆ ಎಂದು ಗಡಿಯಾಚೆ ಉಳಿದವನಿಗೂ ಉತ್ತರ ಕೊಡಬೇಕಾಗುತ್ತದೆ.