ಫ್ರಿಜ್ಜಿನಲ್ಲಿಟ್ಟ ಜೇನುಹುಳ

ಪುಣೆಗೆ ಬಂದ ಮೇಲೆ ಅಂಟಿಕೊಂಡ ಹುಚ್ಚು ಇದು. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ವೇತಾಳ ಟೇಕಡಿ ಹತ್ತುವುದು, ಕಾಡುಹೂವಿನ ಮೇಲೆ ಕೂತ ಜೇನುಹುಳದ ಫೋಟೋ ತೆಗೆಯುವುದು. ಹೂವೆಂದರೆ ದೊಡ್ಡದೇನಲ್ಲ. ಊರಲ್ಲಿ ಗಾಯಕ್ಕೆ ರಸ ಹಿಂಡುತ್ತಿದ್ದೆವಲ್ಲ, ಅದೇ ಸೊಪ್ಪಿನ ಹೂ. ಇಲ್ಲಿಯವರು ಏಕದಾಂಡಿ ಅನ್ನುತ್ತಾರೆ. ಅದೂ ಅಮೆರಿಕ ಖಂಡದಿಂದ ವಲಸೆ ಬಂದ ಗಿಡವೇ. ಆದರೂ ನಮ್ಮ ತುಡುವೆ ಜೇನಿಗೆ ಮಕರಂದ ಕೊಟ್ಟುಕೊಂಡು ಇಲ್ಲಿಯದೇ ಆಗಿಬಿಟ್ಟಿದೆ.

ಕಷ್ಟವೆಂದರೆ, ಹುಳ ಒಂದು ಕಡೆ ಕೂರುವುದಿಲ್ಲ. ರೆಕ್ಕೆ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಫೋಕಸ್ ಮಾಡುವಷ್ಟರಲ್ಲಿ ಹೂವು ಖಾಲಿ. ಗೆಳೆಯರೊಬ್ಬರು ಉಪಾಯ ಹೇಳಿದರು: "ಡಬ್ಬಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ಮೈ ತಣ್ಣಗಾದ್ರೆ ಅಲುಗಾಡಲ್ಲ. ಸಾಯೋದೂ ಇಲ್ಲ." ಮಾಡಿದೆ. ಕಿತ್ತು ತಂದ ಹೂವಿನ ಮೇಲೆ ಕೂರಿಸಿ ಕ್ಲಿಕ್ಕಿಸಿದೆ. ಮೈಮೇಲಿನ ಕೂದಲು ಎಣಿಸಬಹುದು, ಅಂಥ ಫೋಟೋ ಬಂತು. ಆಮೇಲೆ ಹುಳ ಹಾರಿಯೂ ಹೋಯಿತು. ನೋಡಿದವರೆಲ್ಲ ಹೊಗಳಿದರು.

ಶಿರಸಿಯಿಂದ ಬಂದಿದ್ದ ಅಪ್ಪಯ್ಯ ಪೆಟ್ಟಿಗೆಯಲ್ಲಿ ಜೇನು ಸಾಕಿದವರು. ಫೋಟೋ ನೋಡಿ, "ಇದಕ್ಕೆ ಹುಷಾರಿಲ್ವೇನೋ? ಕಾಲು ಹೂವನ್ನ ಹಿಡಿದೇ ಇಲ್ಲ" ಅಂದರು. ನಡೆದದ್ದು ಹೇಳಿದೆ. ಬೈಯಲಿಲ್ಲ. "ಮತ್ತೆ ಹಾರ್ಬೇಕಾದ್ರೆ ಅದು ಮೈ ನಡುಗಿಸಿ ಬಿಸಿ ಮಾಡ್ಕೋಬೇಕು. ಅದಕ್ಕೆ ಖರ್ಚಾಗೋದು ಹೊಟ್ಟೆಯಲ್ಲಿದ್ದ ಜೇನೇ" ಅಂದರಷ್ಟೆ.

ನಾನು ಬಿಡಲಿಲ್ಲ. "ಅಪ್ಪಯ್ಯ, ನೀನು ಅದರ ಜೇನನ್ನೇ ತೆಗೀತಿದ್ಯಲ್ಲ?"

"ತೆಗೀತಿದ್ದೆ. ಮಳೆಗಾಲಕ್ಕೆ ಬೇಕಾದಷ್ಟು ಬಿಟ್ಟು ತೆಗೀತಿದ್ದೆ. ಸಾಲದಿದ್ರೆ ಸಕ್ಕರೆ ಪಾಕ ಇಡ್ತಿದ್ದೆ. ನೀನೇನು ಇಟ್ಟೆ?"

ಉತ್ತರ ಹೊಳೆಯಲಿಲ್ಲ. ಸಾಯಿಸಲಿಲ್ಲ ಎಂಬುದನ್ನೇ ನಾನು ದೊಡ್ಡ ಪುಣ್ಯವೆಂದುಕೊಂಡಿದ್ದೆ. ಪರವೂರಿನಲ್ಲಿ ನಾವು ಬದುಕುವುದೂ ಹೀಗೇ ಅಲ್ಲವೇ? ಈ ಊರಿನ ನೀರು, ನೆರಳು, ಸಂಬಳ ಎಲ್ಲ ಬೇಕು. "ನಾವು ಯಾರ ತಂಟೆಗೂ ಹೋದವರಲ್ಲ" ಅನ್ನುತ್ತೇವೆ. ತೊಂದರೆ ಕೊಡದಿದ್ದರೆ ಲೆಕ್ಕ ಚುಕ್ತಾ ಆಯಿತೇ? ಜೇನುಹುಳ ಮಕರಂದ ಕುಡಿದು ಸುಮ್ಮನೆ ಹೋಗುವುದಿಲ್ಲ, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ.

ಊರಿಗೆ ಹೊರಡುವ ಮುನ್ನ ಅಪ್ಪಯ್ಯ ಒಂದು ಗುಟ್ಟು ಹೇಳಿದರು: ಜೇನುಹುಳ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಅಟ್ಟಿಸಿಕೊಂಡು ಹೋಗಬೇಡ, ಅದೇ ಜಾತಿಯ ಇನ್ನೊಂದು ಹೂವಿನ ಮುಂದೆ ಕೂತಿರು.

ಈಗ ಹಾಗೇ ಕೂರುತ್ತೇನೆ, ಗಿಡ ತುಳಿಯದ ಹಾಗೆ. ಬರುವಾಗ ಟೇಕಡಿಯ ಮೇಲೆ ಬಿದ್ದ ಪ್ಲಾಸ್ಟಿಕ್ ಆರಿಸಿ ತರುತ್ತೇನೆ. ಅಪ್ಪಯ್ಯನ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ ಎಂದು ಗೊತ್ತು. ಫೋಟೋಗಳಲ್ಲಿ ರೆಕ್ಕೆ ಮಸುಕಾಗಿಯೇ ಬರುತ್ತದೆ. ಆದರೆ ಕಾಲು ಹೂವನ್ನು ಹಿಡಿದಿರುತ್ತದೆ.